ವಲಸಿಗರು 45 ಕೋಟಿಯೋ, 5 ಕೋಟಿಯೋ? ಫಾರ್ವರ್ಡ್ ಮಾಡುವ ಮೊದಲು ಈ ಲೆಕ್ಕ ತಿಳಿಯಿರಿ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥದ್ದೊಂದು ಸಂದೇಶ ಬಂದಿರಬಹುದು. “ದಿನಕ್ಕೆ ಇಷ್ಟು ಸಾವಿರ ಜನ ಹೊರಗಿನಿಂದ ಬಂದು ಬೆಂಗಳೂರಲ್ಲಿ ಇಳಿಯುತ್ತಿದ್ದಾರೆ. ಹೀಗೇ ಆದರೆ ಇನ್ನು ಇಷ್ಟು ವರ್ಷದಲ್ಲಿ ನಾವೇ ಇಲ್ಲಿ ಅಲ್ಪಸಂಖ್ಯಾತರು. ಎಲ್ಲರಿಗೂ ಕಳಿಸಿ.” ಜೊತೆಗೆ ರೈಲ್ವೆ ನಿಲ್ದಾಣದ ನೂಕುನುಗ್ಗಲಿನ ಒಂದು ಫೋಟೋ. ಕೆಳಗೆ ಇನ್ಯಾರೋ ಉತ್ತರ ಕೊಟ್ಟಿರುತ್ತಾರೆ: “ಸುಳ್ಳು. ದೇಶದಲ್ಲಿ ವಲಸೆ ಕಡಿಮೆಯಾಗಿದೆ ಅಂತ ಸರ್ಕಾರವೇ ಹೇಳಿದೆ.” ಅಲ್ಲಿಂದ ಜಗಳ ಶುರು.

ಇಬ್ಬರ ಕೈಯಲ್ಲೂ ಅಂಕಿಗಳಿವೆ. ಆ ಅಂಕಿ ಎಲ್ಲಿಂದ ಬಂತು, ಯಾರನ್ನು ಎಣಿಸಿದರು, ಹೇಗೆ ಎಣಿಸಿದರು ಎಂದು ಮಾತ್ರ ಇಬ್ಬರೂ ಕೇಳಿಲ್ಲ. ಭಾರತದಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗಿ ನೆಲೆಸುವವರನ್ನು ಬಾಗಿಲಲ್ಲಿ ನಿಂತು ಎಣಿಸುವ ವ್ಯವಸ್ಥೆಯೇ ಇಲ್ಲ. ಪಾಸ್‌ಪೋರ್ಟ್ ಬೇಡ, ಬಹುತೇಕ ಕಡೆ ಪರವಾನಗಿಯೂ ಬೇಡ. ದೇಶದ ಒಳಗೆ ಎಲ್ಲಿ ಬೇಕಾದರೂ ಹೋಗಿ ಬದುಕುವುದು ಸಂವಿಧಾನ ಕೊಟ್ಟ ಹಕ್ಕು. ಹಾಗಾಗಿ ವಲಸೆಯ ಬಗ್ಗೆ ನೀವು ಓದುವ ವರ್ಷವಾರು ಅಂಕಿಗಳೆಲ್ಲ ಹೆಚ್ಚುಕಡಿಮೆ ಅಂದಾಜುಗಳೇ.

ಅಂದಾಜು ಎಂದರೆ ಬಾಯಿಗೆ ಬಂದದ್ದು ಎಂದಲ್ಲ. ಒಳ್ಳೆಯ ಅಂದಾಜಿನ ಹಿಂದೆ ಒಂದು ವಿಧಾನ ಇರುತ್ತದೆ. ಆ ವಿಧಾನಕ್ಕೆ ಕಾಣುವುದು ಯಾವುದು, ಕಾಣದ್ದು ಯಾವುದು ಎಂದು ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಒಂದೇ ದೇಶ, ನಾಲ್ಕು ಅಂಕಿ

ಮೊದಲು ಈ ನಾಲ್ಕು ಅಂಕಿಗಳನ್ನು ನೋಡಿ.

• 2011ರ ಜನಗಣತಿ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದರು.
• ಅದೇ ಜನಗಣತಿ ಪ್ರಕಾರ ರಾಜ್ಯದ ಗಡಿ ದಾಟಿ ಬಂದಿದ್ದವರು ಸುಮಾರು 5.4 ಕೋಟಿ.
• ಕೇಂದ್ರ ಸರ್ಕಾರದ 2016–17ರ ಆರ್ಥಿಕ ಸಮೀಕ್ಷೆ ಪ್ರಕಾರ, 2011ರಿಂದ 2016ರ ನಡುವೆ ವರ್ಷಕ್ಕೆ ಸರಾಸರಿ ಸುಮಾರು 90 ಲಕ್ಷ ಜನ ಕೆಲಸಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಿದ್ದರು.
• ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿ ಪ್ರಕಾರ, 2023ರಲ್ಲಿ ದೇಶದ ವಲಸಿಗರು ಸುಮಾರು 40.2 ಕೋಟಿ.

45 ಕೋಟಿ, 5.4 ಕೋಟಿ, 90 ಲಕ್ಷ, 40 ಕೋಟಿ. ಯಾವುದು ನಿಜ? ನಾಲ್ಕರಲ್ಲಿ ಯಾವುದೂ ಸುಳ್ಳಲ್ಲ. ನಾಲ್ಕೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಅಂಟಿಸಿದಾಗ ಮಾತ್ರ ಅದು ಸುಳ್ಳಾಗುತ್ತದೆ. ಫಾರ್ವರ್ಡ್‌ಗಳಲ್ಲಿ ಆಗುವುದು ಬಹುತೇಕ ಇದೇ.

ಅಷ್ಟಕ್ಕೂ ‘ವಲಸಿಗ’ ಅಂದರೆ ಯಾರು?

ವಲಸಿಗ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಟ್ಟಡದ ಕೆಲಸಗಾರ, ಸೆಕ್ಯೂರಿಟಿ ಗಾರ್ಡ್, ಹೋಟೆಲ್ ಹುಡುಗ. ಜನಗಣತಿಯ ಅರ್ಥ ಇದಕ್ಕಿಂತ ತುಂಬಾ ಅಗಲ. ನೀವು ಈಗ ಇರುವ ಊರು ಬೇರೆ, ಇದಕ್ಕೆ ಮೊದಲು ವಾಸವಿದ್ದ ಊರು ಬೇರೆ ಆಗಿದ್ದರೆ ಸಾಕು, ನೀವು ವಲಸಿಗರು. ಮಂಡ್ಯದ ಹಳ್ಳಿಯಿಂದ ಪಕ್ಕದ ತಾಲ್ಲೂಕಿಗೆ ಮದುವೆಯಾಗಿ ಹೋದ ನಿಮ್ಮ ಅತ್ತೆಯೂ ವಲಸಿಗರೇ, ನಲವತ್ತು ವರ್ಷ ಅಲ್ಲೇ ಸಂಸಾರ ಮಾಡಿದ್ದರೂ. ತವರಿನಲ್ಲಿ ಹೆರಿಗೆಯಾಗಿ, ಬಾಣಂತನ ಮುಗಿಸಿ, ತಾಯಿಯ ಜೊತೆ ಅಪ್ಪನ ಊರಿಗೆ ಬಂದ ಕೂಸೂ ಲೆಕ್ಕಕ್ಕೆ ಬರುತ್ತದೆ. ವಲಸೆಯ ಕಾರಣಗಳ ಪಟ್ಟಿಯಲ್ಲಿ ‘ಹುಟ್ಟಿದ ನಂತರ ಬಂದದ್ದು’ ಎಂಬ ಸಾಲೇ ಇದೆ.

2011ರ ಆ 45 ಕೋಟಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಊರು ಬಿಟ್ಟದ್ದು ಮದುವೆಯ ಕಾರಣಕ್ಕೆ. ಕೆಲಸಕ್ಕಾಗಿ ಬಂದೆವು ಎಂದವರು ಹತ್ತರಲ್ಲಿ ಒಬ್ಬರಷ್ಟೇ. ಆಮೇಲೆ ನಡೆದ ಸಮೀಕ್ಷೆಯೂ ಇದನ್ನೇ ತೋರಿಸಿತು. 2020–21ರ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಮಹಿಳೆಯರ ಪೈಕಿ 47.9% ವಲಸಿಗರು, ಗಂಡಸರ ಪೈಕಿ 10.7% ಮಾತ್ರ. ವಲಸೆ ಬಂದ ಮಹಿಳೆಯರಲ್ಲಿ 86.8% ಜನ ಹೇಳಿದ ಕಾರಣ ಮದುವೆ.

ಅಂದರೆ “ದೇಶದ ಮೂರನೇ ಒಂದು ಭಾಗ ವಲಸಿಗರು” ಎಂಬ ಸಾಲಿನ ಕೆಳಗೆ ಕಿಕ್ಕಿರಿದ ರೈಲಿನ ಫೋಟೋ ಹಾಕಿದರೆ ಅದು ದಾರಿ ತಪ್ಪಿಸಿದಂತೆ. ಆ ಅಂಕಿಗೆ ನಿಜವಾಗಿ ಒಪ್ಪುವ ಫೋಟೋ ಎಂದರೆ ಮದುವೆಯ ದಿಬ್ಬಣದ್ದು.

ಜನಗಣತಿ ಇರುವಾಗ ಅಂದಾಜು ಏಕೆ?

ಜನಗಣತಿ ಮನೆಮನೆಗೆ ಹೋಗಿ ಕೇಳುತ್ತದೆ, ನಿಜ. ಆದರೆ ಅದಕ್ಕೆ ಎರಡು ಮಿತಿಗಳಿವೆ.

ಒಂದು, ಅದು ಹತ್ತು ವರ್ಷಕ್ಕೊಮ್ಮೆ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಹೊಸ ಗಣತಿಗೆ ಸರ್ಕಾರ ನಿಗದಿ ಮಾಡಿದ ದಿನಾಂಕ 2027ರ ಮಾರ್ಚ್ 1. ನಡುವಿನ ಹದಿನಾರು ವರ್ಷಗಳಲ್ಲಿ ಮೆಟ್ರೊ ಬಂತು, ಲಾಕ್‌ಡೌನ್ ಬಂದು ಹೋಯಿತು, ವರ್ಕ್ ಫ್ರಮ್ ಹೋಮ್ ಬಂತು. ಗಣತಿಯ ಪುಸ್ತಕ ಮಾತ್ರ 2011ರಲ್ಲೇ ನಿಂತಿದೆ.

ಎರಡು, ಹೋಗಿ ಬರುವವರು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ‘ಗುಳೆ ಹೋಗುವುದು’ ಎನ್ನುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಮುಂಬೈಗೋ ಗೋವಾಕ್ಕೋ ಹೋಗಿ, ಮಳೆಗಾಲದ ಹೊತ್ತಿಗೆ ಊರಿಗೆ ಮರಳುವ ಕುಟುಂಬ ಯಾವ ಊರಿನ ಲೆಕ್ಕಕ್ಕೆ ಸೇರಬೇಕು? ಗಣತಿಯವರು ಬಂದ ದಿನ ಬಾಗಿಲಿಗೆ ಬೀಗ, ಅಥವಾ ಮನೆಯಲ್ಲಿ ಅಜ್ಜ ಅಜ್ಜಿ ಮಾತ್ರ. ಹೀಗೆ ಹಂಗಾಮಿಗೆ ಹೋಗಿ ಬರುವವರು ದೇಶದಲ್ಲಿ ಎಷ್ಟು? 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಲ್ಲಿ ಒಂದೂವರೆ ಕೋಟಿಯ ಒಳಗೆ. 2009ರಲ್ಲಿ ಇಬ್ಬರು ಸಂಶೋಧಕರು ಕಟ್ಟಡ, ಇಟ್ಟಿಗೆ ಗೂಡು, ಜವಳಿಯಂಥ ಒಂದೊಂದು ಉದ್ಯೋಗವನ್ನೂ ನೋಡಿ ಕೂಡಿದಾಗ ಬಂದದ್ದು ಸುಮಾರು 10 ಕೋಟಿ. ಎರಡರ ನಡುವೆ ಏಳು ಪಟ್ಟು ಅಂತರ!

ಈ ಕಂದಕ ತುಂಬಲು ಸಂಶೋಧಕರು ಬೇರೆ ದಾರಿಗಳನ್ನು ಹುಡುಕಿದ್ದಾರೆ. ಮುಖ್ಯವಾದ ಮೂರನ್ನು ನೋಡೋಣ. ಗಣಿತದ ಪುಸ್ತಕ ಬೇಡ, ಮನೆಯ ಖರ್ಚಿನ ಲೆಕ್ಕ ಬಂದರೆ ಸಾಕು.

ದಾರಿ 1: ಕೂಡಿ ಕಳೆದು ಉಳಿದದ್ದು

ಒಂದು ತಾಲ್ಲೂಕಿನ ಜನಸಂಖ್ಯೆ ಬದಲಾಗುವುದು ನಾಲ್ಕೇ ಕಾರಣಕ್ಕೆ: ಹುಟ್ಟು, ಸಾವು, ಬಂದವರು, ಹೋದವರು. ಹುಟ್ಟು ಸಾವಿನ ಲೆಕ್ಕ ಸಿಕ್ಕರೆ, ಉಳಿದ ವ್ಯತ್ಯಾಸ ವಲಸೆಯದ್ದು.

ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. 2001ರಲ್ಲಿ ಅಲ್ಲಿ 11,40,905 ಜನ ಇದ್ದರು. 2011ರಲ್ಲಿ 11,37,961. ಹತ್ತು ವರ್ಷದಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 15.6% ಏರಿದಾಗ ಈ ಜಿಲ್ಲೆಯದ್ದು ಇಳಿಯಿತು. ಸತ್ತವರಿಗಿಂತ ಹುಟ್ಟಿದವರು ಹೆಚ್ಚಿರುವಾಗಲೂ ಜನ ಕಡಿಮೆಯಾದರು ಎಂದರೆ, ಬಂದವರಿಗಿಂತ ಹೋದವರು ಹೆಚ್ಚು ಎಂದೇ ಅರ್ಥ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಏರಿತು.

ಇಲ್ಲೊಂದು ಎಚ್ಚರಿಕೆ ಬೇಕು. “ಹತ್ತೇ ವರ್ಷದಲ್ಲಿ 30 ಲಕ್ಷ ಹೊರರಾಜ್ಯದವರು ಬೆಂಗಳೂರಿಗೆ ಬಂದರು” ಎಂದು ಯಾರಾದರೂ ಬರೆದರೆ ಅದು ತಪ್ಪು. ಆ ಏರಿಕೆಯಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮಕ್ಕಳಿದ್ದಾರೆ, ಚಿಕ್ಕಮಗಳೂರಿನಿಂದ, ತುಮಕೂರಿನಿಂದ, ಕಲಬುರಗಿಯಿಂದ ಬಂದವರಿದ್ದಾರೆ, ಹೊರರಾಜ್ಯದವರೂ ಇದ್ದಾರೆ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಒಂದೇ ಹೆಸರು ಕೊಡಲು ಬರುವುದಿಲ್ಲ.

ಆರ್ಥಿಕ ಸಮೀಕ್ಷೆ ಈ ವಿಧಾನವನ್ನು ಇನ್ನಷ್ಟು ಚೊಕ್ಕ ಮಾಡಿತು. ಎಲ್ಲ ವಯಸ್ಸಿನವರ ಬದಲು ಒಂದೇ ಗುಂಪಿನ ಬೆನ್ನು ಹತ್ತಿತು. 2001ರಲ್ಲಿ 10ರಿಂದ 19 ವರ್ಷದವರು 2011ಕ್ಕೆ 20ರಿಂದ 29 ವರ್ಷದವರಾಗಿರಬೇಕು. ಓದು ಮುಗಿಸಿ ಕೆಲಸ ಹುಡುಕುವ ವಯಸ್ಸು ಅದೇ. ಒಂದು ಕಾಲ್ಪನಿಕ ಉದಾಹರಣೆ: ಒಂದು ತಾಲ್ಲೂಕಿನಲ್ಲಿ ಮೊದಲ ಗಣತಿಯಲ್ಲಿ ಈ ವಯಸ್ಸಿನ 10,000 ಜನ ಇದ್ದರು ಎಂದುಕೊಳ್ಳಿ. ಹತ್ತು ವರ್ಷದಲ್ಲಿ ಕಾಯಿಲೆ, ಅಪಘಾತದಿಂದ 150 ಸಾವು ಸಂಭವಿಸಬಹುದು. ಉಳಿಯಬೇಕಾದವರು 9,850. ಎರಡನೇ ಗಣತಿಯಲ್ಲಿ ಸಿಕ್ಕಿದ್ದು 8,350. ಹಾಗಾದರೆ 1,500 ಜನ ಹೊರಗೆ ಹೋಗಿದ್ದಾರೆ. ದೇಶದ ಎಲ್ಲ ರಾಜ್ಯಗಳಿಗೂ ಈ ಬಗೆಯ ಲೆಕ್ಕ ಹಾಕಿದಾಗ, 2001–2011ರ ನಡುವೆ ವರ್ಷಕ್ಕೆ ಸರಾಸರಿ 50ರಿಂದ 65 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗಿರಬಹುದು ಎಂಬ ಅಂದಾಜು ಸಿಕ್ಕಿತು.

ಇದಕ್ಕೆ ಕಾಣದ್ದೇನು? ಬಂದವರನ್ನೂ ಹೋದವರನ್ನೂ ಬೇರೆ ಬೇರೆಯಾಗಿ ಇದು ತೋರಿಸುವುದಿಲ್ಲ. 2,500 ಜನ ಹೋಗಿ 1,000 ಜನ ಬಂದಿದ್ದರೂ ಉತ್ತರ ಅದೇ 1,500. ಹೋದವರು ಎಲ್ಲಿಗೆ ಹೋದರು ಎಂದೂ ತಿಳಿಯುವುದಿಲ್ಲ. ಇನ್ನೊಂದು ತೊಡಕು ನಮ್ಮ ಅಭ್ಯಾಸದ್ದು. ವಯಸ್ಸು ಕೇಳಿದರೆ ನಮ್ಮಲ್ಲಿ ಅನೇಕರು 20, 25, 30 ಎಂದು ಸರಿಸುಮಾರಾಗಿ ಹೇಳಿಬಿಡುತ್ತಾರೆ. 30 ಎಂದು ಬರೆಸಿದ 28ರ ಯುವಕ, ಊರಲ್ಲೇ ಇದ್ದರೂ, ಈ ಲೆಕ್ಕದಲ್ಲಿ ಊರು ಬಿಟ್ಟವನಾಗುತ್ತಾನೆ.

ದಾರಿ 2: ದೊಡ್ಡ ಊರಿನ ಸೆಳೆತ, ದೂರದ ಅಡ್ಡಿ

ಎಲ್ಲಿಂದ ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಬೇಕಾದಾಗ ಬಳಸುವುದು ‘ಗುರುತ್ವ ಮಾಡೆಲ್’. ಹೆಸರು ಭೌತಶಾಸ್ತ್ರದ್ದು, ವಿಚಾರ ಮಾತ್ರ ನಮ್ಮ ಅಜ್ಜಂದಿರಿಗೂ ಗೊತ್ತಿದ್ದದ್ದೇ: ದೊಡ್ಡ ಊರು ಹೆಚ್ಚು ಜನರನ್ನು ಸೆಳೆಯುತ್ತದೆ, ದೂರ ಹೆಚ್ಚಿದಷ್ಟೂ ಹೋಗುವವರು ಕಡಿಮೆ. 1885ರಲ್ಲಿ ಲಂಡನ್ನಿನಲ್ಲಿದ್ದ ಭೂಗೋಳಶಾಸ್ತ್ರಜ್ಞ ಅರ್ನ್ಸ್ಟ್ ಜಾರ್ಜ್ ರಾವೆನ್‌ಸ್ಟೈನ್ ಬ್ರಿಟನ್ನಿನ ಗಣತಿಯನ್ನು ನೋಡಿ, ವಲಸೆ ಹೋಗುವವರಲ್ಲಿ ಹೆಚ್ಚಿನವರು ಹತ್ತಿರಕ್ಕೇ ಹೋಗುತ್ತಾರೆ ಎಂದು ಬರೆದಿದ್ದ. 1946ರಲ್ಲಿ ಅಮೆರಿಕದ ಜಾರ್ಜ್ ಕಿಂಗ್ಸ್ಲಿ ಜಿಫ್ ಇದನ್ನು ಒಂದು ಸೂತ್ರವಾಗಿಸಿದ: ಎರಡು ನಗರಗಳ ಜನಸಂಖ್ಯೆಯನ್ನು ಗುಣಿಸಿ, ನಡುವಿನ ದೂರದಿಂದ ಭಾಗಿಸು.

ಆ ಸೂತ್ರದ ಪ್ರಕಾರ 100 ಕಿಲೋಮೀಟರ್ ದೂರದ ಊರಿನಿಂದ ನಗರಕ್ಕೆ 400 ಜನ ಬಂದರೆ, ಅಷ್ಟೇ ದೊಡ್ಡದಾದ, 400 ಕಿಲೋಮೀಟರ್ ದೂರದ ಊರಿನಿಂದ 100 ಜನ ಬರುತ್ತಾರೆ. ಆದರೆ ದೂರದ ಅಡ್ಡಿ ಎಲ್ಲ ದೇಶದಲ್ಲೂ, ಎಲ್ಲ ಕಾಲದಲ್ಲೂ ಒಂದೇ ಇರುವುದಿಲ್ಲ. ಎತ್ತಿನ ಗಾಡಿಯ ಕಾಲದ 400 ಕಿಲೋಮೀಟರ್ ಬೇರೆ, ರಾತ್ರಿ ಸ್ಲೀಪರ್ ಬಸ್ಸಿನ ಕಾಲದ್ದು ಬೇರೆ. ಇಲ್ಲೇ ಸಂಖ್ಯಾಶಾಸ್ತ್ರ ಕೆಲಸಕ್ಕೆ ಬರುವುದು. ಅಂಕಿ ಗೊತ್ತಿರುವ ನೂರಾರು ಜೋಡಿಗಳನ್ನು, ಅಂದರೆ ಬಿಹಾರ–ದೆಹಲಿ, ಒಡಿಶಾ–ಗುಜರಾತ್, ಆಂಧ್ರ–ಕರ್ನಾಟಕ ಹೀಗೆ, ಕಂಪ್ಯೂಟರಿಗೆ ಕೊಡುತ್ತಾರೆ. ಜನಸಂಖ್ಯೆಗೆ ಎಷ್ಟು ತೂಕ ಕೊಟ್ಟರೆ, ದೂರಕ್ಕೆ ಎಷ್ಟು ಕಳೆದರೆ, ಕೂಲಿಯ ವ್ಯತ್ಯಾಸಕ್ಕೆ ಎಷ್ಟು ಕೂಡಿದರೆ ಉತ್ತರವು ಗೊತ್ತಿರುವ ಅಂಕಿಗಳಿಗೆ ಹತ್ತಿರ ಬರುತ್ತದೆ ಎಂದು ಅದು ಹುಡುಕುತ್ತದೆ. ಆ ತೂಕಗಳು ಸಿಕ್ಕ ಮೇಲೆ, ಅಂಕಿ ಇಲ್ಲದ ಜೋಡಿಗಳಿಗೂ ಅಂದಾಜು ಹಾಕಬಹುದು. ಸಾರಿಗೆ ಎಷ್ಟು ಉಪ್ಪು ಎಂದು ಪುಸ್ತಕ ನೋಡದೆ, ನೂರು ಸಲ ಮಾಡಿ ಕೈ ಕಲಿತ ಹಾಗೆ.

ಇದರಿಂದ ಸಿಗುವ ಇನ್ನೊಂದು ಲಾಭ, ಬಾಯಿಮಾತಿನ ನಂಬಿಕೆಗಳನ್ನು ಪರೀಕ್ಷಿಸಬಹುದು. ಭಾರತದಲ್ಲಿ ಭಾಷೆ ಬೇರೆ ಎಂಬ ಕಾರಣಕ್ಕೆ ಜನ ಹೋಗುವುದು ನಿಲ್ಲುತ್ತದೆಯೇ? ದೂರ ಮತ್ತಿತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆರ್ಥಿಕ ಸಮೀಕ್ಷೆಗೆ ಭಾಷೆ ದೊಡ್ಡ ತಡೆಯಾಗಿ ಕಾಣಲಿಲ್ಲ. ರಾಜ್ಯದ ಗಡಿ ಮಾತ್ರ ತಡೆಯಾಗಿ ಕಂಡಿತು. ದೂರ ಅಷ್ಟೇ ಇದ್ದರೂ, ಗಡಿ ದಾಟಿ ಹೋಗುವವರಿಗಿಂತ ರಾಜ್ಯದ ಒಳಗೇ ಹೋಗುವ ಕಾರ್ಮಿಕರು ಸುಮಾರು ನಾಲ್ಕು ಪಟ್ಟು. ಗಡಿ ದಾಟಿದರೆ ರೇಷನ್, ಮಕ್ಕಳ ಶಾಲೆ, ಸರ್ಕಾರಿ ಸವಲತ್ತು ಎಲ್ಲಕ್ಕೂ ತೊಡಕು ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ.

ಇದಕ್ಕೆ ಕಾಣದ್ದೇನು? ಪರಿಚಯದ ದಾರ. ಒಂದು ಊರಿನ ಒಬ್ಬ ಮೇಸ್ತ್ರಿ ಎಲ್ಲೋ ದೂರದ ನಗರದಲ್ಲಿ ನೆಲೆ ಕಂಡರೆ ಅವನ ಹಿಂದೆ ಇಡೀ ಓಣಿ ಹೋಗುತ್ತದೆ, ಹತ್ತಿರದ ನಗರವನ್ನು ಬಿಟ್ಟು. ಜನಸಂಖ್ಯೆ ಮತ್ತು ದೂರವನ್ನಷ್ಟೇ ನೋಡುವ ಮಾಡೆಲ್‌ಗೆ ಇದು ಗೊತ್ತಾಗುವುದಿಲ್ಲ. ಬರ, ನೆರೆ, ಗಲಭೆಯಿಂದ ಹಠಾತ್ತನೆ ಏಳುವ ವಲಸೆಯೂ ಹಳೆಯ ಅಂಕಿಗಳಿಂದ ಕಲಿತ ಮಾಡೆಲ್‌ಗೆ ಸಿಗುವುದಿಲ್ಲ.

ದಾರಿ 3: ಟಿಕೆಟ್ ಮತ್ತು ಸಿಮ್

ಮೂರನೆಯದು ಹೆಜ್ಜೆ ಗುರುತು ಹಿಡಿಯುವ ದಾರಿ. ವಲಸೆ ಹೋಗುವವರು ರೈಲು ಹತ್ತುತ್ತಾರೆ, ಮೊಬೈಲ್ ಬಳಸುತ್ತಾರೆ, ಊರಿಗೆ ಹಣ ಕಳಿಸುತ್ತಾರೆ. ಇವುಗಳ ದಾಖಲೆ ತಿಂಗಳು ತಿಂಗಳು ಸಿಗುತ್ತದೆ.

ಆರ್ಥಿಕ ಸಮೀಕ್ಷೆಯ 90 ಲಕ್ಷದ ಅಂಕಿ ಬಂದದ್ದು ರೈಲಿನ ಅನ್‌ರಿಸರ್ವ್ಡ್, ಅಂದರೆ ನಾವು ಜನರಲ್ ಬೋಗಿ ಎನ್ನುವ ವರ್ಗದ ಟಿಕೆಟ್‌ಗಳಿಂದ. ತರ್ಕ ಸರಳ. ಮದುವೆಗೆ, ಜಾತ್ರೆಗೆ, ತಿರುಪತಿಗೆ ಹೋದವರು ವಾಪಸ್ ಬರುತ್ತಾರೆ. ಹಾಗಾಗಿ ಹೋದ ಟಿಕೆಟ್ ಬಂದ ಟಿಕೆಟ್ ಒಂದನ್ನೊಂದು ಹೊಡೆದುಹಾಕುತ್ತವೆ. ವರ್ಷದ ಕೊನೆಗೆ ಹೋದವರು ಹೆಚ್ಚಾಗಿ, ಬಂದವರು ಕಡಿಮೆಯಾಗಿ ಉಳಿದ ವ್ಯತ್ಯಾಸವೇ ಅಲ್ಲೇ ನೆಲೆಸಿದವರು.

2024ರ ಡಿಸೆಂಬರ್‌ನ ವರದಿ ರೈಲ್ವೆ ಟಿಕೆಟ್ ಜೊತೆಗೆ ಮೊಬೈಲ್ ರೋಮಿಂಗ್ ಮತ್ತು ಬ್ಯಾಂಕಿನ ಹಣ ರವಾನೆಯ ಅಂಕಿಗಳನ್ನೂ ನೋಡಿತು. ಅದರಲ್ಲಿ ನಮಗೆ ಆಸಕ್ತಿ ಹುಟ್ಟಿಸುವ ಎರಡು ವಿಷಯಗಳಿವೆ. ಬರುವ ಪ್ರಯಾಣಿಕರಲ್ಲಿ ತಮ್ಮ ಪಾಲು ಹೆಚ್ಚಿಸಿಕೊಂಡ ರಾಜ್ಯಗಳಲ್ಲಿ ಪಶ್ಚಿಮ ಬಂಗಾಳ, ರಾಜಸ್ಥಾನದ ಜೊತೆ ಕರ್ನಾಟಕವೂ ಇತ್ತು. ಜಿಲ್ಲೆಯಿಂದ ಜಿಲ್ಲೆಗೆ ನೋಡಿದಾಗ ದೇಶದಲ್ಲೇ ಹೆಚ್ಚು ಓಡಾಟವಿದ್ದ ಜೋಡಿಗಳಲ್ಲಿ ಚಿತ್ತೂರು–ಬೆಂಗಳೂರು ನಗರ ಕೂಡ ಒಂದು. ಹತ್ತಿರದ ಜಿಲ್ಲೆ, ದೊಡ್ಡ ನಗರ: ರಾವೆನ್‌ಸ್ಟೈನ್ ಹೇಳಿದ್ದು ಇಲ್ಲೂ ನಿಜವಾಯಿತು.

ಇದಕ್ಕೆ ಕಾಣದ್ದೇನು? ಬಹಳಷ್ಟಿದೆ.

ರೈಲಿನ ಲೆಕ್ಕಕ್ಕೆ ಬಸ್ ಕಾಣುವುದಿಲ್ಲ. ಸಿಂಧನೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದ ಕುಟುಂಬ, ಗುತ್ತಿಗೆದಾರ ಕಳಿಸಿದ ಟೆಂಪೋದಲ್ಲಿ ಬಂದ ಕೂಲಿಕಾರರು ಅದರಲ್ಲಿ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಅದರಿಂದ ಒಂದಷ್ಟು ಮಹಿಳೆಯರು ರೈಲು ಬಿಟ್ಟು ಬಸ್ ಹತ್ತಿದರು ಎಂದುಕೊಳ್ಳಿ. ರೈಲಿನ ಅಂಕಿಯನ್ನಷ್ಟೇ ನೋಡುವವರಿಗೆ ಅದು ಪ್ರಯಾಣ ಕಡಿಮೆಯಾದಂತೆ ಕಾಣುತ್ತದೆ. ಯಾರೂ ಊರಲ್ಲೇ ಉಳಿದಿರುವುದಿಲ್ಲ, ವಾಹನ ಬದಲಾಗಿರುತ್ತದೆ ಅಷ್ಟೇ.

ಸಿಮ್ ಲೆಕ್ಕವೂ ಹಾಗೇ. ಎಣಿಕೆಯಾಗುವುದು ಸಿಮ್, ಮನುಷ್ಯರಲ್ಲ. ಒಬ್ಬನ ಬಳಿ ಎರಡು ಸಿಮ್ ಇರಬಹುದು, ಐದು ಜನರ ಕುಟುಂಬದಲ್ಲಿ ಒಂದೇ ಫೋನ್ ಇರಬಹುದು. ಬಂದ ಊರಲ್ಲಿ ಹೊಸ ಸಿಮ್ ಕೊಂಡವನು ರೋಮಿಂಗ್ ಪಟ್ಟಿಯಿಂದ ಮಾಯವಾಗುತ್ತಾನೆ. ಇಡೀ ಕರ್ನಾಟಕ ಒಂದೇ ಟೆಲಿಕಾಂ ಸರ್ಕಲ್ ಆದ್ದರಿಂದ ರಾಯಚೂರಿನಿಂದ ಬೆಂಗಳೂರಿಗೆ ಬಂದವರದ್ದು ರೋಮಿಂಗೇ ಅಲ್ಲ. ನಮ್ಮ ರಾಜ್ಯದ ಗುಳೆಯ ಬಹುಪಾಲು ಈ ಕನ್ನಡಕಕ್ಕೆ ಕಾಣುವುದೇ ಇಲ್ಲ.

ಹಾಗಾದರೆ ವಲಸೆ ಕಡಿಮೆಯಾಯಿತೋ ಇಲ್ಲವೋ?

ಈಗ ಫ್ಯಾಮಿಲಿ ಗ್ರೂಪಿನ ಎರಡನೇ ಹೇಳಿಕೆಗೆ ಬರೋಣ. 2024ರ ವರದಿ 2011ರ 45.57 ಕೋಟಿಯನ್ನೂ 2023ರ 40.20 ಕೋಟಿಯನ್ನೂ ಹೋಲಿಸಿ, ವಲಸಿಗರು ಸುಮಾರು 12% ಕಡಿಮೆಯಾಗಿದ್ದಾರೆ ಎಂದಿತು. ಸುದ್ದಿಯ ತಲೆಬರಹವಾದದ್ದೂ ಅದೇ.

ಆದರೆ ಇವೆರಡೂ ಒಂದೇ ಜಾತಿಯ ಅಂಕಿಗಳಲ್ಲ. ಮೊದಲನೆಯದು ಮನೆಮನೆಗೆ ಹೋಗಿ ಕೇಳಿದ್ದು. ಎರಡನೆಯದು ರೈಲು ಪ್ರಯಾಣಿಕರ ಏರಿಳಿತವನ್ನು ವಲಸೆಯ ಏರಿಳಿತದ ಸೂಚನೆಯಾಗಿ ಇಟ್ಟುಕೊಂಡು ಹಾಕಿದ ಅಂದಾಜು. ಆ ಸೂಚನೆ ಸರಿಯಿದ್ದರೆ ಉತ್ತರವೂ ಸರಿ. ಅದು ಅಲುಗಿದರೆ ಉತ್ತರವೂ ಅಲುಗುತ್ತದೆ. ಮೊದಲನೆಯದರಲ್ಲಿ ಅರ್ಧ ಪಾಲು ಮದುವೆಯಾಗಿ ಪಕ್ಕದ ಊರಿಗೆ ಹೋದವರು ಎಂಬುದನ್ನೂ ಮರೆಯಬೇಡಿ. ಅವರು ವರ್ಷಕ್ಕೆ ಎಷ್ಟು ಸಲ ಜನರಲ್ ಬೋಗಿ ಹತ್ತುತ್ತಾರೆ ಎಂಬುದರಿಂದ ಅವರ ಸಂಖ್ಯೆ ತಿಳಿಯುವುದಿಲ್ಲ.

ಹಾಗಂತ ವರದಿ ಸುಳ್ಳು ಎಂದಲ್ಲ. ಗಣತಿ ಇಲ್ಲದ ಕಾಲದಲ್ಲಿ ಕೈಗೆ ಸಿಕ್ಕ ದಾಖಲೆಯಿಂದ ಹಾಕಿದ ಲೆಕ್ಕ ಅದು. ತನ್ನ ವಿಧಾನವನ್ನು ಅದು ಮುಚ್ಚಿಟ್ಟಿಲ್ಲ. ತಲೆಬರಹ ಮತ್ತು ಫಾರ್ವರ್ಡ್ ಆ ವಿಧಾನವನ್ನು ಬಿಟ್ಟು ಅಂಕಿಯನ್ನು ಮಾತ್ರ ಹೊತ್ತು ತಂದವು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ?

ಬೇಕು. ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಎಂದು 2020 ತೋರಿಸಿದೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಯಾವ ನಗರದಲ್ಲಿ ಯಾವ ರಾಜ್ಯದ ಎಷ್ಟು ಕಾರ್ಮಿಕರಿದ್ದಾರೆ ಎಂಬ ಪಟ್ಟಿ ಯಾರ ಕೈಯಲ್ಲೂ ಇರಲಿಲ್ಲ. ಜನ ನಡೆದೇ ಹೊರಟರು. ಶ್ರಮಿಕ್ ವಿಶೇಷ ರೈಲುಗಳು ಶುರುವಾದದ್ದು ಮೇ 1ಕ್ಕೆ. ಅವು ಕೊನೆಗೆ ಸುಮಾರು 63 ಲಕ್ಷ ಜನರನ್ನು ಊರು ತಲುಪಿಸಿದವು. ಊರಿಗೆ ಮರಳಿದವರು 1 ಕೋಟಿ 4 ಲಕ್ಷಕ್ಕೂ ಹೆಚ್ಚು ಎಂದು ಆಮೇಲೆ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ದಾರಿಯಲ್ಲಿ ಸತ್ತವರೆಷ್ಟು ಎಂಬ ಪ್ರಶ್ನೆಗೆ, ಅಂಥ ದತ್ತಾಂಶ ಇಲ್ಲ ಎಂಬ ಉತ್ತರ ಬಂತು. ಬದುಕಿದ್ದಾಗ ಲೆಕ್ಕದಲ್ಲಿ ಇಲ್ಲದವರು ಸತ್ತಾಗಲೂ ಲೆಕ್ಕಕ್ಕೆ ಸಿಗಲಿಲ್ಲ.

ರೇಷನ್ ವಿಷಯವೂ ಹೀಗೆಯೇ. ಆಹಾರ ಭದ್ರತಾ ಕಾಯ್ದೆಯಡಿ ಸುಮಾರು 81 ಕೋಟಿ ಜನರ ಮಿತಿ ನಿಂತಿರುವುದು 2011ರ ಗಣತಿಯ ಮೇಲೆ. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಕಾರ್ಡನ್ನು ಬೇರೆ ಊರಲ್ಲೂ ಬಳಸಬಹುದು, ಸರಿ. ಆದರೆ ಯಾವ ಊರಿನ ನ್ಯಾಯಬೆಲೆ ಅಂಗಡಿಗೆ ಎಷ್ಟು ಅಕ್ಕಿ ಹೆಚ್ಚಿಗೆ ಕಳಿಸಬೇಕು? ಯಾವ ಬಡಾವಣೆಯ ಅಂಗನವಾಡಿಗೆ ಎಷ್ಟು ಮಕ್ಕಳು ಹೆಚ್ಚಾಗುತ್ತಾರೆ? ಇದಕ್ಕೆ ಈಗಿನ ಅಂದಾಜು ಬೇಕು, ಹದಿನೈದು ವರ್ಷದ ಹಿಂದಿನ ಅಂಕಿ ಸಾಲದು.

ಲೆಕ್ಕವಿಲ್ಲದ ಕಡೆ ವದಂತಿ ಸುಲಭವಾಗಿ ಜಾಗ ಮಾಡಿಕೊಳ್ಳುತ್ತದೆ. ಇದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗಲಿದೆ ಎಂಬ ಸುಳ್ಳು ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಸಾವಿರಾರು ಜನ ಕೆಲಸ, ಕಾಲೇಜು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವದಂತಿ ತಡೆಯಲು ಕೇಂದ್ರ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಹದಿನೈದು ದಿನ ಮಿತಿ ಹಾಕಬೇಕಾಯಿತು. ಆಗ ವಾಟ್ಸಾಪ್ ಇಷ್ಟು ಹರಡಿರಲಿಲ್ಲ. ಈಗ ಒಂದು ಬೆರಳು ಸಾಕು.

ಮುಂದಿನ ಸಲ ಇಂಥ ಅಂಕಿ ಬಂದಾಗ

ಸತ್ಯವೋ ಸುಳ್ಳೋ ಎಂದು ಹುಡುಕಲು ನೀವು ಸಂಖ್ಯಾಶಾಸ್ತ್ರ ಓದಬೇಕಿಲ್ಲ. ಈ ಐದು ಪ್ರಶ್ನೆಗಳನ್ನು ಕೇಳಿ.

1. ಯಾರನ್ನು ಎಣಿಸಿದ್ದು? ಮದುವೆಯಾಗಿ ಹೋದವರೂ ಸೇರಿ ಎಲ್ಲರನ್ನೋ, ಕೆಲಸಕ್ಕೆ ಬಂದವರನ್ನೋ?
2. ಎಲ್ಲಿಂದ ಎಲ್ಲಿಗೆ? ತಾಲ್ಲೂಕು ದಾಟಿದವರೋ, ಜಿಲ್ಲೆ ದಾಟಿದವರೋ, ರಾಜ್ಯ ದಾಟಿದವರೋ?
3. ಇದುವರೆಗಿನ ಒಟ್ಟು ಮೊತ್ತವೋ, ಒಂದು ವರ್ಷದ್ದೋ? 5.4 ಕೋಟಿ ಮತ್ತು 90 ಲಕ್ಷದ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇದೇ. ಒಂದು ಕೆರೆಯಲ್ಲಿರುವ ನೀರು, ಇನ್ನೊಂದು ಕಾಲುವೆಯಲ್ಲಿ ಬರುವ ನೀರು.
4. ಹೋದವರನ್ನು ಕಳೆದಿದ್ದಾರೆಯೇ? ನಿಲ್ದಾಣದಲ್ಲಿ ಇಳಿದವರ ಫೋಟೋ ಮಾತ್ರ ಹಾಕಿ, ಅದೇ ಸಂಜೆ ಹತ್ತಿದವರನ್ನು ಬಿಟ್ಟರೆ ಅದು ಅರ್ಧ ಲೆಕ್ಕ.
5. ಹೇಗೆ ಗೊತ್ತಾಯಿತು? ಗಣತಿಯೋ, ಸಮೀಕ್ಷೆಯೋ, ಟಿಕೆಟ್ಟೋ, ಸಿಮ್ಮೋ? ಇದಕ್ಕೆ ಸಂದೇಶದಲ್ಲಿ ಉತ್ತರವೇ ಇಲ್ಲದಿದ್ದರೆ ಉಳಿದ ನಾಲ್ಕನ್ನು ಕೇಳುವ ಅಗತ್ಯವೂ ಇಲ್ಲ.

ಇನ್ನೊಂದು ಸುಳಿವು. ಪ್ರಾಮಾಣಿಕ ಅಂದಾಜು ಸಾಮಾನ್ಯವಾಗಿ “50ರಿಂದ 65 ಲಕ್ಷ” ಎಂದು ಹಿಂದೆ ಮುಂದೆ ಜಾಗ ಬಿಟ್ಟು ಮಾತಾಡುತ್ತದೆ. ಮೂಲ ಹೇಳದೆ, ಒಂದೇ ಗಟ್ಟಿ ಅಂಕಿಯನ್ನು ಹೆದರಿಸುವ ದನಿಯಲ್ಲಿ ಹೇಳುವ ಸಂದೇಶದ ಬಗ್ಗೆ ಅನುಮಾನ ಇರಲಿ.

2027ರ ಗಣತಿಯವರು ನಿಮ್ಮ ಮನೆಗೂ ಬರುತ್ತಾರೆ. ಹಿಂದೆ ಯಾವ ಊರಿನಲ್ಲಿದ್ದಿರಿ, ಯಾಕೆ ಬಂದಿರಿ ಎಂದು ಕೇಳಿದರೆ ಸರಿಯಾಗಿ ಬರೆಸಿ, ವಯಸ್ಸನ್ನೂ ಅಂದಾಜಿಗೆ ಹೇಳಬೇಡಿ. ನಿಮ್ಮ ಬೀದಿಯಲ್ಲಿ ಶೆಡ್ ಹಾಕಿಕೊಂಡಿರುವ ಕಟ್ಟಡ ಕೆಲಸದವರನ್ನು ಗಣತಿಯವರು ಕಾಣದೆ ಹೋದರೆ, ಅವರೂ ಇದ್ದಾರೆ ಎಂದು ತೋರಿಸಿ. ಮುಂದಿನ ಹತ್ತು ವರ್ಷ ಈ ಮಾಡೆಲ್‌ಗಳೆಲ್ಲ ಆಧರಿಸುವುದು ಆ ದಿನ ಬರೆಸಿದ ಉತ್ತರಗಳನ್ನೇ.